ಪಟ್ಟಿಂಗ್ ಗ್ರೀನ್‌ಗೆ ಮರಳು ಹಾಕಿಸಿದೆವು, ಎರಡು ತಿಂಗಳ ಮೇಲೆ ಬರೆಯುತ್ತಿದ್ದೇನೆ

ಮೊದಲೇ ಹೇಳ್ತೇನೆ, ಈ ನರ್ಸರಿಯವರ ಕೆಲಸ ನನಗೆ ತುಂಬಾ ಹಿಡಿಸಿತು. ಕಲಬುರಗಿಯ ಜೇವರ್ಗಿ ರಸ್ತೆ ಕಡೆ ನಮ್ಮ ಮನೆ. ಹಿತ್ತಲಲ್ಲಿ 40 ಅಡಿ ಉದ್ದ, 20 ಅಡಿ ಅಗಲದ ಪುಟ್ಟ ಪಟ್ಟಿಂಗ್ ಗ್ರೀನ್ ಇದೆ, ಅಂದರೆ ಗಾಲ್ಫ್ ಚೆಂಡನ್ನು ಮೆಲ್ಲಗೆ ಉರುಳಿಸಿ ಗುಳಿಗೆ ಹಾಕುವ ಗಿಡ್ಡ ಹುಲ್ಲಿನ ಜಾಗ. ಅಪ್ಪಾಜಿ ಬೆಂಗಳೂರಲ್ಲಿ ನೌಕರಿ ಮಾಡುವಾಗ ಗಾಲ್ಫ್ ಆಡುತ್ತಿದ್ದರು, ಊರಿಗೆ ಬಂದ ಮೇಲೆ ಅವರು ಕೇಳಿದ್ದು ಇದೊಂದೇ. ನಮ್ಮ ಎರೆ ಮಣ್ಣಿನ ಗುಣ ಗೊತ್ತಲ್ವಾ, ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದಕ್ಕೇ ಆ ಮಣ್ಣು ತೆಗೆಸಿ, ಕೆಳಗೆ ಜಲ್ಲಿ, ಮೇಲೆ ಒಂದಡಿ ಮರಳು ತುಂಬಿಸಿ ಬರ್ಮುಡಾ ಹುಲ್ಲು ಹಚ್ಚಿದ್ದೆವು. ಗಣಪತಿಗೆ ಏರಿಸುವ ಕರಕಿ ಜಾತಿಯದೇ ಅದು.

ಕಳೆದ ವರ್ಷ ಬೇರೊಬ್ಬರು ಬಂದು, ಹುಲ್ಲಿಗೆ ಶಕ್ತಿ ಬರುತ್ತದೆ ಅಂತ ಕೆಂಪು ಮಣ್ಣು, ತಿಪ್ಪೆ ಗೊಬ್ಬರ ಕಲಸಿ ಅರ್ಧ ಇಂಚು ಹರಡಿ ಹೋದರು. ಒಂದು ತಿಂಗಳು ಹಸಿರೋ ಹಸಿರು. ಮಳೆ ಶುರುವಾದ ಮೇಲೆ ನೀರು ಇಂಗಲೇ ಇಲ್ಲ, ಹುಲ್ಲು ಹಳದಿಯಾಯಿತು, ಕಾಲಿಟ್ಟರೆ ಪಚಕ್ ಅನ್ನುತ್ತಿತ್ತು.

ಈ ಸಲ ಬಂದ ಹುಡುಗ ರೇಟು ಹೇಳುವ ಮೊದಲು ಚಾಕು ತೆಗೆದು ಹುಲ್ಲಿನಲ್ಲಿ ಒಂದು ತುಂಡು ಕೊರೆದು ನನ್ನ ಕೈಗೆ ಕೊಟ್ಟ. ಮೇಲೆ ಒಂದಿಂಚು ಮೆತ್ತೆ, ಅದರ ಕೆಳಗೆ ಕಪ್ಪು ಗೆರೆ, ಕೊಳೆತ ಮೊಟ್ಟೆ ವಾಸನೆ. ಬೇರು ಅಲ್ಲಿಗೇ ನಿಂತಿತ್ತು. "ಬೇರಿಗಿ ಉಸಿರು ಸಿಗವಲ್ದು ನೋಡ್ರಿ ಸಾಹೇಬ್ರ" ಅಂದ. ಮರಳಿನ ಮೇಲೆ ಜಿಗುಟು ಮಣ್ಣು ಬಿದ್ದರೆ ನೀರು ಆ ಪದರದಲ್ಲೇ ನಿಲ್ಲುತ್ತದೆ, ಗಾಳಿ ಕೆಳಗೆ ಹೋಗುವುದಿಲ್ಲ. ಜೊತೆಗೆ ಹುಲ್ಲಿನದೇ ಸತ್ತ ಕಾಂಡ, ಬೇರು ಮೆತ್ತೆ ಹಾಗೆ ಕೂಡುತ್ತಾ ಹೋಗುತ್ತದೆ. ನಡುನಡುವೆ ಮರಳು ಸೇರುತ್ತಿದ್ದರೆ ಆ ಮೆತ್ತೆ ಸಡಿಲಾಗುತ್ತದೆ, ನೀರಿಗೂ ಗಾಳಿಗೂ ದಾರಿ ಇರುತ್ತದೆ, ಮೇಲ್ಮೈಯೂ ಸಮವಾಗುತ್ತದೆ. ಗೊಬ್ಬರಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಇದನ್ನು ನನಗೆ ಮೊದಲು ಯಾರೂ ಹೇಳಿರಲಿಲ್ಲ.

ಕಾಂಪೌಂಡ್ ಕಟ್ಟಿದಾಗ ಉಳಿದ ಎಂ-ಸ್ಯಾಂಡ್ ಇತ್ತು, ಅದನ್ನೇ ಹಾಕಿ ಅಂದೆ. ಒಂದು ಹಿಡಿ ಬಾಟಲಿಗೆ ಹಾಕಿ, ನೀರು ತುಂಬಿ ಕುಲುಕಿ ಇಟ್ಟ. ಸ್ವಲ್ಪ ಹೊತ್ತಾದರೂ ನೀರು ತಿಳಿಯಾಗಲಿಲ್ಲ, ಅಷ್ಟು ಧೂಳು. ಆ ಧೂಳು ಸಂದುಗಳಲ್ಲಿ ತುಂಬಿಕೊಂಡರೆ ಮತ್ತೆ ಅದೇ ಕಥೆ. ಅವರೇ ತೊಳೆದು, ಸೋಸಿ, ಒಣಗಿಸಿದ ಮರಳು ತಂದರು, ಕಾಳು ಹೆಚ್ಚಾಗಿ ಕಾಲು ಮಿಲಿಮೀಟರ್‌ನಿಂದ ಒಂದು ಮಿಲಿಮೀಟರ್ ಒಳಗಿನದು, ನಮ್ಮ ಕೆಳಗಿನ ಮರಳನ್ನು ಅಂಗೈಯಲ್ಲಿ ಪಕ್ಕಕ್ಕಿಟ್ಟು ಹೋಲಿಸಿಯೇ ಆರಿಸಿದ್ದು.

ಜುಲೈಯಲ್ಲಿ ಕೆಲಸ ನಡೆಯಿತು, ಹುಲ್ಲು ಜೋರಾಗಿ ಬೆಳೆಯುವ ಸಮಯ. ಗಿಡ್ಡ ಕತ್ತರಿಸಿ, ಟೊಳ್ಳು ಮೊಳೆಯ ಸಲಕರಣೆಯಿಂದ ತುಂಡು ತುಂಡು ಮಣ್ಣು ಕಿತ್ತು ಹೊರಗೆ ಹಾಕಿ, ಆ ತೂತುಗಳಿಗೆ ಒಣ ಮರಳು ತುಂಬಿದರು. ಮೇಲೆ ಹರಡಿದ್ದು ಬರೀ 3 ಮಿಲಿಮೀಟರ್. 800 ಚದರ ಅಡಿಗೆ ಅದು ಸುಮಾರು 8 ಘನ ಅಡಿ ಆಯಿತು, ತೂತಿಗೆ ಹೋದದ್ದು ಬೇರೆ. ಆಮೇಲೆ ನಾರಿನ ಚಾಪೆ ಎಳೆದು ಹುಲ್ಲಿನೊಳಗೆ ಇಳಿಸಿದರು. ಇನ್ನೂ ಸ್ವಲ್ಪ ದಪ್ಪಗೆ ಹಾಕಿ ಅಂತ ನಾನೇ ಕೇಳಿದೆ, ಒಪ್ಪಲಿಲ್ಲ. ಜಾಸ್ತಿ ಹಾಕಿದರೆ ಹುಲ್ಲು ಹೂತುಹೋಗಿ ಇನ್ನೊಂದು ಪದರವಾಗುತ್ತದೆ, ಎರಡು ಮೂರು ವಾರಕ್ಕೊಮ್ಮೆ ತೆಳ್ಳಗೆ ಹಾಕುವುದೇ ಸರಿ ಅಂದರು. ಹೆಚ್ಚು ಮರಳು ಮಾರಿ ದುಡ್ಡು ಮಾಡಬಹುದಿತ್ತು, ಮಾಡಲಿಲ್ಲ.

ಹತ್ತು ದಿನ ನೋಡಲು ಬೇಜಾರಾಗುತ್ತಿತ್ತು, ಎಲ್ಲಾ ತೂತು ತೂತು. ಮೂರನೇ ವಾರಕ್ಕೆ ಮುಚ್ಚಿಕೊಂಡಿತು. ಈಗ ಜೋರು ಮಳೆ ಬಂದರೂ ನೀರು ನಿಲ್ಲುವುದಿಲ್ಲ, ಮೊನ್ನೆ ಕೊರೆದು ನೋಡಿದರೆ ಆ ತೂತುಗಳಲ್ಲಿ ಬಿಳಿ ಬೇರು ಮೂರಿಂಚು ಇಳಿದಿದೆ. ಅಪ್ಪಾಜಿ ದಿನಾ ಸಂಜೆ ಪಟರ್ (ಚೆಂಡು ಉರುಳಿಸುವ ಗಾಲ್ಫ್ ಕೋಲು) ಹಿಡಿದು ಹೊರಗೆ ಬರುತ್ತಾರೆ.

ಕೊರತೆ ಎರಡು. ಮರಳು ಹಾಕಿದ ಮೇಲೆ ಕೆಲ ದಿನ ಒಳ್ಳೆ ಬ್ಲೇಡಿನ ಹುಲ್ಲು ಕತ್ತರಿಸುವ ಮಷೀನ್ ಓಡಿಸಬಾರದು ಅಂತ ಹೇಳಲಿಲ್ಲ, ನಮ್ಮ ಬ್ಲೇಡ್ ಮೊಂಡಾಯಿತು, ಸಾಣೆ ಹಿಡಿಸಬೇಕಾಯಿತು. ಪರಸಿ ಕಲ್ಲಿನ ಅಂಚಿನಲ್ಲಿ ಚಾಪೆ ಸರಿಯಾಗಿ ಎಳೆಯದೆ ಒಂದು ಕಡೆ ದಿಬ್ಬ ಉಳಿಯಿತು, ಫೋನ್ ಮಾಡಿದೆ, ಬಂದು ಪೊರಕೆಯಿಂದ ಸರಿ ಮಾಡಿ ಹೋದರು. ಹಾಕಿಸುವವರು ಚಳಿಗಾಲಕ್ಕೆ ಮುಂಚೆಯೇ ಹಾಕಿಸಿ, ಡಿಸೆಂಬರ್‌ನಲ್ಲಿ ಹುಲ್ಲು ಬೆಳೆಯುವುದು ನಿಧಾನ, ತೂತು ಬೇಗ ಮುಚ್ಚುವುದಿಲ್ಲ.