ಬೀದಿ ಪ್ರಾರ್ಥನೆಗೆ ಯಾವ ಮೇಣದಬತ್ತಿ ವಾಸಿ?

ಅಮೆರಿಕದ ನ್ಯೂಜೆರ್ಸಿಯ ಕ್ಯಾಮ್ಡನ್ ನಗರದಲ್ಲಿ 2012ರಲ್ಲಿ 67 ಕೊಲೆಗಳಾದವು. ಸತ್ತವರ ನೆನಪಿಗೆ ನಗರಸಭೆ ಕಟ್ಟಡದ ಎದುರು ಶಿಲುಬೆಗಳನ್ನೇ ನೆಟ್ಟಿದ್ದರು. ಅಂಥ ಊರುಗಳಲ್ಲಿ ಗುಂಡೇಟಿಗೆ ಜೀವ ಹೋದರೆ, ಜನ ಪ್ರಾರ್ಥನೆಗೆ ಸೇರುವುದು ಹೆಚ್ಚಾಗಿ ಅದೇ ರಸ್ತೆಯ ಮೂಲೆಯಲ್ಲಿ, ಬಯಲು ಗಾಳಿಯಲ್ಲಿ.

ಚರ್ಚ್ ಸಾಮಗ್ರಿ ಅಂಗಡಿಯ ತೆಳು ಮೇಣದಬತ್ತಿ, ಮೇಣ ತಡೆಯುವ ರಟ್ಟಿನ ತಟ್ಟೆಯ ಸೆಟ್ ಅಗ್ಗ, ಆದರೆ ಹೊರಗೆ ದಂಡ. ಜ್ವಾಲೆ ವಾಲಿದ ಕಡೆಯ ಮೇಣ ಬೇಗ ಕರಗಿ, ತಟ್ಟೆ ದಾಟಿ ಬೆರಳ ಮೇಲೆ ಸುರಿಯುತ್ತದೆ. ಪ್ಲಾಸ್ಟಿಕ್ ಲೋಟದ ಸೆಟ್ ಎಷ್ಟೋ ಮೇಲು. ತಳದ ಸೀಳಿನಲ್ಲಿ ಕೆಳಗಿನಿಂದ ಬತ್ತಿ ತೂರಿಸಿ, ಜ್ವಾಲೆ ಲೋಟದ ನಟ್ಟನಡುವೆ ನಿಲ್ಲುವಂತೆ ಹಿಡಿಯಿರಿ. ಕರಗಿದಂತೆ ಮೇಲಕ್ಕೆ ತಳ್ಳುತ್ತಿರಬೇಕು, ಮರೆತರೆ ಲೋಟವೇ ಸುಡುತ್ತದೆ. ಹೊತ್ತಿಸುವಾಗ ಬಾಗಿಸಬೇಕಾದ್ದು ಉರಿಯದ ಬತ್ತಿಯನ್ನು; ಉರಿಯುವುದನ್ನು ಬಾಗಿಸಿದರೆ ಬಿಸಿ ಮೇಣ ಪಕ್ಕದವರ ಕೈಗೆ.

ರಾತ್ರಿಯಿಡೀ ಬಿಟ್ಟುಹೋಗಲು ಸುಮಾರು 8 ಇಂಚು ಎತ್ತರದ ಗಾಜಿನೊಳಗಿನ ಬತ್ತಿಗಳೇ ಸರಿ. ನೂಲನ್ನು ಕಾಲಿಂಚಿಗೆ ಕತ್ತರಿಸಿ, ಇಲ್ಲವಾದರೆ ಗಾಜು ಮಸಿಗಟ್ಟುತ್ತದೆ. ಮಳೆಹನಿ ಬಿದ್ದರೆ ಕಾದ ಗಾಜು ಸೀಳಬಹುದು. ಸತ್ತವರ ನೆನಪಿಗೆ ಜನ ತಂದಿಡುವ ಬಲೂನು, ಒಣ ಹೂವು, ಟೆಡ್ಡಿ ಗೊಂಬೆಗಳ ರಾಶಿಯಿಂದ ದೂರವಿಡಿ. ಮಕ್ಕಳ ಕೈಗೆ ಬ್ಯಾಟರಿ ಬತ್ತಿ ಸಾಕು. ಚಂದ ಕಡಿಮೆ, ಚಿಂತೆಯೂ ಕಡಿಮೆ.