ಹೊಸ ತೋಟೆ, ಹಳೆಯ ತೋಟೆ: ಐದು ರೈಫಲ್ ಹೊಡೆದು ನೋಡಿದ ಮೇಲೆ

ಪುಣೆಯಲ್ಲಿ ನಾವು ನಾಲ್ಕೈದು ಮಂದಿ ಕನ್ನಡಿಗರು ಭಾನುವಾರ ಬೆಳಿಗ್ಗೆ ಬಾಲೇವಾಡಿಯ ಶೂಟಿಂಗ್ ರೇಂಜಿನಲ್ಲಿ ಸೇರುತ್ತೇವೆ. ಹೊಡೆಯುವುದು ಪಾಯಿಂಟ್ ಟೂ ಟೂ ರೈಫಲ್, 50 ಮೀಟರ್ ದೂರ. ಮುಗಿಸಿಕೊಂಡು ಉಡುಪಿ ಹೋಟೆಲಿನಲ್ಲಿ ಕೂತರೆ ಮಾತು ದೊಡ್ಡ ಬೇಟೆ ರೈಫಲ್‌ಗಳ ಕಡೆಗೇ ತಿರುಗುತ್ತದೆ. ಎರಡು ವರ್ಷದಿಂದ ಒಂದೇ ವಾದ: ಬೇಟೆಗೆ ಹಳೆಯ ತೋಟೆ ಸಾಕೇ, ಹೊಸದು ಬೇಕೇ? ತೋಟೆ ಅಂದರೆ ಒಳಗೆ ಮದ್ದು, ಮೂತಿಯಲ್ಲಿ ಗುಂಡು ಇರುವ ಹಿತ್ತಾಳೆ ಕೊಳವೆ. ಕೊಡಗಿನವರಾದ ನಿವೃತ್ತ ಸುಬೇದಾರರು ಹೇಳುವುದು ಹೀಗೆ: "ನೂರು ವರ್ಷದ ಹಿಂದೆ ಬೀಳುತ್ತಿದ್ದ ಹಂದಿಗೆ ಈಗ ಚರ್ಮ ದಪ್ಪ ಆಗಿದೆಯಾ? ಹಳೇ ತೋಟೆ ಸಾಕು." ನನ್ನ ಆಫೀಸಿನ ಧಾರವಾಡದ ಹುಡುಗ ಒಪ್ಪುವುದಿಲ್ಲ. "ಹಂಗಲ್ರಿ ಸರ್, ಈಗಿನ ಕ್ರೀಡ್‌ಮೂರ್ ಮುಂದ ಹಳೇವು ಯಾವೂ ನಿಲ್ಲಂಗಿಲ್ರಿ" ಅನ್ನುತ್ತಾನೆ. ಕ್ರೀಡ್‌ಮೂರ್ ಅಂದರೆ ಈಚಿನ ಒಂದು ತೋಟೆ. ಇಬ್ಬರೂ ನನ್ನ ಮುಖ ನೋಡುತ್ತಾರೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಪಾಯಿಂಟ್ ಟೂ ಟೂ ಬಿಟ್ಟರೆ ನಾನು ಹೊಡೆದದ್ದು ಸೋದರಮಾವನ .315 ರೈಫಲ್ ಒಂದೇ. ಅದೂ ಕೊಡಗಿನ ಕೈಲ್ ಪೊಳ್ದ್ ಹಬ್ಬದಲ್ಲಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ, ಮಾವ ಪಕ್ಕದಲ್ಲೇ ನಿಂತಿದ್ದಾಗ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಯ ಕಾಲ ಮುಗಿಯಿತು. ಅದು ಮುಗಿದದ್ದೇ ಒಳ್ಳೆಯದು ಅಂತ ನಾನು ನಂಬುತ್ತೇನೆ. ಹಾಗಾಗಿ ಈ ಪ್ರಶ್ನೆಗೆ ಉತ್ತರ ಇಲ್ಲಿ ಸಿಗುವಂಥದ್ದಲ್ಲ. ಆದರೆ ಅಣ್ಣ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿದ್ದಾನೆ. 2023ರ ನವೆಂಬರ್‌ನಲ್ಲಿ ದೀಪಾವಳಿಗೆ ಅಂತ ಹೋದವನು ಮೂರು ವಾರ ಉಳಿದೆ. ಅಲ್ಲಿ ಅದೇ ಜಿಂಕೆ ಬೇಟೆಯ ಕಾಲ. ಅಣ್ಣನ ಗೆಳೆಯರೊಬ್ಬರಿಗೆ ಲ್ಯಾನೊ ಕಡೆ ಜಮೀನಿದೆ. ಊರಿನಿಂದ ಒಂದೂವರೆ ಗಂಟೆಯ ದಾರಿ. ಅಲ್ಲೇ 500 ಗಜದವರೆಗೆ ಹೊಡೆಯುವ ಜಾಗವೂ ಇದೆ. ಒಂದು ಮಾತು ಹೇಳಲೇಬೇಕು. ಪ್ರವಾಸಿ ವೀಸಾದಲ್ಲಿ ಹೋದವರು ಅಮೆರಿಕದಲ್ಲಿ ಸುಮ್ನೆ ಬಂದೂಕು ಹಿಡಿಯುವ ಹಾಗಿಲ್ಲ. ಅಲ್ಲಿನ ಕೇಂದ್ರ ಕಾನೂನು ಅದನ್ನು ತಡೆಯುತ್ತದೆ. ಆ ತಡೆಗೆ ಇರುವ ಮುಖ್ಯ ವಿನಾಯಿತಿ ಅಂದರೆ ಅಲ್ಲಿನ ರಾಜ್ಯವೊಂದು ಕೊಟ್ಟ ಬೇಟೆ ಲೈಸೆನ್ಸ್. ನಾನು ಮೊದಲು ಅದನ್ನು ಮಾಡಿಸಿ, ಜೇಬಿನಲ್ಲಿ ಇಟ್ಟುಕೊಂಡೇ ರೇಂಜಿಗೆ ಹೋದೆ. ಹೋಗುವವರು ಇದನ್ನು ಮರೆಯಬೇಡಿ.

ಆ ಗೆಳೆಯರ ಕಬ್ಬಿಣದ ಬೀರುವಿನಿಂದ ಐದು ರೈಫಲ್ ಹೊರಗೆ ಬಂದವು. ಹಳೆಯವು ಮೂರು: 1906ರ .30-06 ಸ್ಪ್ರಿಂಗ್‌ಫೀಲ್ಡ್ (ಥರ್ಟಿ ಆಟ್ ಸಿಕ್ಸ್ ಅನ್ನುವುದು ಇದನ್ನೇ), 1925ರ .270 ವಿಂಚೆಸ್ಟರ್, 1952ರ .308 ವಿಂಚೆಸ್ಟರ್. ಹೊಸವು ಎರಡು: 2007ರಲ್ಲಿ ಬಂದ 6.5 ಕ್ರೀಡ್‌ಮೂರ್, 2022ರಲ್ಲಿ ಬಂದ 7 ಎಂಎಂ ಪಿಆರ್‌ಸಿ. ಇಸವಿಗಳು ತೋಟೆಗಳದ್ದು, ರೈಫಲ್‌ಗಳದ್ದಲ್ಲ.

ಮೊದಲ ದಿನ ಎಲ್ಲದರ ಗುರಿಯನ್ನೂ 200 ಗಜಕ್ಕೆ ಸರಿಮಾಡಿಕೊಂಡೆವು. ಆಮೇಲೆ 300 ಗಜದಲ್ಲಿ ಗುಂಡು ಎಷ್ಟು ಕೆಳಗೆ ಬೀಳುತ್ತದೆ ಅಂತ ನೋಡಿದೆವು. ಮೂರು ಮೂರು ಗುಂಡು, ಮರಳಿನ ಚೀಲದ ಮೇಲೆ ಇಟ್ಟು. ಇಲ್ಲೇ ನನಗೆ ಮೊದಲ ಅಚ್ಚರಿ. ಪಿಆರ್‌ಸಿ ಬಿಟ್ಟರೆ ಎಲ್ಲಕ್ಕಿಂತ ಕಡಿಮೆ ಬಿದ್ದದ್ದು .270. ಸುಮಾರು ಆರೂವರೆ ಇಂಚು. ಕ್ರೀಡ್‌ಮೂರ್ ಎಂಟು ಇಂಚಿಗೆ ಸ್ವಲ್ಪ ಕಮ್ಮಿ. ಥರ್ಟಿ ಆಟ್ ಸಿಕ್ಸ್ ಎಂಟಕ್ಕೆ ಸ್ವಲ್ಪ ಜಾಸ್ತಿ. ನೂರು ವರ್ಷ ತುಂಬುತ್ತಾ ಬಂದ ತೋಟೆ ಹೊಸ ಕ್ರೀಡ್‌ಮೂರ್‌ಗಿಂತ ನೇರವಾಗಿ ಹೋಯಿತು. ಕಾರಣ ಸರಳ. ಅದರ 130 ಗ್ರೇನ್ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) ಗುಂಡು ಸೆಕೆಂಡಿಗೆ 3,060 ಅಡಿ ವೇಗದಲ್ಲಿ ಹೊರಡುತ್ತದೆ. ಕ್ರೀಡ್‌ಮೂರ್ ಹೊರಡುವುದು 2,700ರ ಆಸುಪಾಸಿನಲ್ಲಿ. "ಹೊಸ ತೋಟೆ ಅಂದರೆ ಜಾಸ್ತಿ ವೇಗ" ಅನ್ನುವ ತಪ್ಪು ತಿಳಿವಳಿಕೆ ನನಗೂ ಇತ್ತು. ಅದು ಅಲ್ಲಿಗೆ ಹೋಯಿತು.

ಹಾಗಾದರೆ ಕ್ರೀಡ್‌ಮೂರ್‌ನಲ್ಲಿ ಇರುವುದೇನು? ಗಾಳಿ. ಎರಡನೇ ದಿನ ಮಧ್ಯಾಹ್ನ ಎಡಗಡೆಯಿಂದ ಗಾಳಿ ಎದ್ದಿತು. ಮೀಟರಿನಲ್ಲಿ ಗಂಟೆಗೆ 10 ಮೈಲಿ ತೋರಿಸುತ್ತಿತ್ತು. 300 ಗಜದಲ್ಲಿ ಕ್ರೀಡ್‌ಮೂರ್ ಗುಂಡು ಐದಾರು ಇಂಚು ಸರಿಯಿತು. .308ರ 150 ಗ್ರೇನ್ ಗುಂಡು ಎಂಟು ಇಂಚು ದಾಟಿತು. 500 ಗಜಕ್ಕೆ ಹೋದಾಗ ವ್ಯತ್ಯಾಸ ಕಣ್ಣಿಗೆ ಹೊಡೆಯುವ ಹಾಗಿತ್ತು. ಕ್ರೀಡ್‌ಮೂರ್ ಹದಿನಾರು ಇಂಚಿನ ಹತ್ತಿರ, .308 ಎರಡು ಅಡಿ. ಗುಂಡು ಕೆಳಗೆ ಬೀಳುವುದನ್ನು ಲೆಕ್ಕ ಹಾಕಬಹುದು, ಭೂಮಿಯ ಸೆಳೆತ ದಿನಕ್ಕೊಂದು ಥರ ಬದಲಾಗುವುದಿಲ್ಲ. ಗಾಳಿಯನ್ನು ಊಹಿಸಬೇಕು. ಊಹೆ ತಪ್ಪಿದಾಗ ಕಮ್ಮಿ ಸರಿಯುವ ಗುಂಡು ನಮ್ಮನ್ನು ಕಾಪಾಡುತ್ತದೆ. ಧಾರವಾಡದ ಹುಡುಗನ ಮಾತಿನಲ್ಲಿ ಹುರುಳಿದೆ ಅಂತ ಆವತ್ತು ಅನಿಸಿತು.

ಆದರೆ ಮೂರನೇ ದಿನ ಅಣ್ಣ ಒಂದು ಒಳ್ಳೆಯ ಕೆಲಸ ಮಾಡಿದ. ಥರ್ಟಿ ಆಟ್ ಸಿಕ್ಸ್‌ನಲ್ಲಿ ಅಲ್ಲಿಯವರೆಗೆ ಹಳೆಯ ಮಾದರಿಯ, ಮೊಂಡು ಮೂತಿಯ 180 ಗ್ರೇನ್ ಗುಂಡು ಹಾಕುತ್ತಿದ್ದೆವು. ಅವನು ಈಗಿನ ಮಾದರಿಯ ಉದ್ದ ಮೂತಿಯ 178 ಗ್ರೇನ್ ತೋಟೆಯ ಪೆಟ್ಟಿಗೆ ತಂದ. ಅದೇ ರೈಫಲ್, ಅದೇ 1906ರ ಹಿತ್ತಾಳೆ ಕೊಳವೆ, ಗುಂಡು ಮಾತ್ರ ಹೊಸದು. ಅದೇ ಹೊತ್ತು, ಹೆಚ್ಚುಕಡಿಮೆ ಅಷ್ಟೇ ಗಾಳಿ. 300 ಗಜದಲ್ಲಿ ಆರು ಇಂಚಿನ ಆಸುಪಾಸು ಸರಿಯಿತು. ಕ್ರೀಡ್‌ಮೂರ್‌ಗೂ ಅದಕ್ಕೂ ನಡುವೆ ಅರ್ಧ ಇಂಚು ಉಳಿಯಿತು, ಅಷ್ಟೇ. ಬಲದಲ್ಲಿ ಹಳೆಯದೇ ಮುಂದೆ. ನಳಿಗೆಯ ಬಾಯಿಯಲ್ಲಿ ಥರ್ಟಿ ಆಟ್ ಸಿಕ್ಸ್‌ನದು 3,000 ಅಡಿ-ಪೌಂಡ್ ಮುಟ್ಟುತ್ತದೆ, ಕ್ರೀಡ್‌ಮೂರ್‌ನದು ಸುಮಾರು 2,300. ನಾನು ತೋಟೆಗಳನ್ನು ಹೋಲಿಸುತ್ತಿದ್ದೇನೆ ಅಂದುಕೊಂಡಿದ್ದೆ. ನಿಜದಲ್ಲಿ ಎರಡು ದಿನ ಹೋಲಿಸಿದ್ದು ಗುಂಡುಗಳನ್ನು.

ಈ ವಿಷಯ ನನ್ನನ್ನು ಬಿಡಲಿಲ್ಲ. ರಾತ್ರಿ ಕೂತು ಓದಿದೆ, ಆ ಗೆಳೆಯರನ್ನು ಕೇಳಿದೆ. ಗುಂಡು ಉದ್ದವಾಗಿ, ಸಪೂರವಾಗಿ ಇದ್ದಷ್ಟೂ ಗಾಳಿಯನ್ನು ಚೆನ್ನಾಗಿ ಸೀಳುತ್ತದೆ. ಆದರೆ ಉದ್ದದ ಗುಂಡು ತಲೆಕೆಳಗಾಗದೆ ನೇರವಾಗಿ ಹೋಗಬೇಕಾದರೆ ಬುಗುರಿಯ ಹಾಗೆ ಜೋರಾಗಿ ತಿರುಗಬೇಕು. ಅದಕ್ಕೆ ನಳಿಗೆಯ ಒಳಗೆ ಕೊರೆದ ಸುರುಳಿ ಗೀರುಗಳ ತಿರುಪು ಬಿಗಿಯಾಗಿರಬೇಕು. ಕ್ರೀಡ್‌ಮೂರ್ ನಳಿಗೆಯಲ್ಲಿ 8 ಇಂಚಿಗೆ ಒಂದು ಸುತ್ತು. .270ರಲ್ಲಿ ಮೊದಲಿನಿಂದ 10 ಇಂಚಿಗೆ ಒಂದು ಸುತ್ತು. ಹಾಗಾಗಿ ಅದಕ್ಕೆ ತುಂಬಾ ಉದ್ದದ ಗುಂಡು ಒಗ್ಗುವುದಿಲ್ಲ. ಕ್ರೀಡ್‌ಮೂರ್‌ನ ಹಿತ್ತಾಳೆ ಕೊಳವೆಯನ್ನೂ ಗಿಡ್ಡ ಮಾಡಿದ್ದಾರೆ. ಉದ್ದದ ಗುಂಡನ್ನು ಮದ್ದಿನೊಳಕ್ಕೆ ತುರುಕದೆ ಮ್ಯಾಗಜಿನ್‌ನಲ್ಲಿ ಹಿಡಿಸಲು ಈ ಏರ್ಪಾಡು. ಇಡೀ ಜಾಣತನ ಇಲ್ಲಿದೆ. ಮದ್ದಿನಲ್ಲಿ ಅಲ್ಲ, ವೇಗದಲ್ಲಿ ಅಲ್ಲ, ಅಳತೆಯ ಹೊಂದಾಣಿಕೆಯಲ್ಲಿ.

ಮತ್ತೆ ಇದು ಹೊಸ ಜಾಣತನವೂ ಅಲ್ಲ! ಸ್ವೀಡನ್ ಮತ್ತು ನಾರ್ವೆಯವರು 1894ರಲ್ಲೇ 6.5x55 ತೋಟೆ ಮಾಡಿದ್ದರು. ಅದರಲ್ಲೂ ಉದ್ದದ ಗುಂಡು. ಸ್ವೀಡನ್ನಿನ ರೈಫಲ್‌ಗಳಲ್ಲಿ ತಿರುಪು 20 ಸೆಂಟಿಮೀಟರಿಗೆ ಒಂದು ಸುತ್ತು, ಅಂದರೆ 8 ಇಂಚಿಗೂ ಸ್ವಲ್ಪ ಕಮ್ಮಿ. ಅಲ್ಲಿನ ಬೇಟೆಗಾರರು ಇವತ್ತಿಗೂ ಅದರಲ್ಲೇ ದೊಡ್ಡ ಮೂಸ್ ಹೊಡೆಯುತ್ತಾರೆ. 1997ರಲ್ಲಿ .260 ರೆಮಿಂಗ್ಟನ್ ಅಂತ ಒಂದು ಬಂತು. ಗುಂಡಿನ ಗಾತ್ರ ಕ್ರೀಡ್‌ಮೂರ್‌ನದೇ, ವೇಗವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಅದರ ಕೊಳವೆ ಸ್ವಲ್ಪ ಉದ್ದ, ಶುರುವಿನ ರೈಫಲ್‌ಗಳಲ್ಲಿ ತಿರುಪು ಸ್ವಲ್ಪ ಸಡಿಲ. ಹತ್ತು ವರ್ಷದ ನಂತರ ಬಂದ ಕ್ರೀಡ್‌ಮೂರ್ ಅದರ ಜಾಗ ತೆಗೆದುಕೊಂಡಿತು. ಹಳೆಯ ತೋಟೆಗಳಿಗೆ ಇನ್ನೊಂದು ಹೊರೆಯೂ ಇದೆ. 1892ರ 7x57 ಮೌಸರ್ ನೋಡಿ. ಜಿಮ್ ಕಾರ್ಬೆಟ್ ಅವರಿಗೆ ಚಂಪಾವತದ ಹೆಣ್ಣುಹುಲಿಯನ್ನು ಕೊಂದದ್ದಕ್ಕೆ 1907ರಲ್ಲಿ ಉಡುಗೊರೆಯಾಗಿ ಸಿಕ್ಕ .275 ರಿಗ್ಬಿ ಅದೇ ತೋಟೆಯದು, ಹೆಸರು ಮಾತ್ರ ಬೇರೆ. ಅಮೆರಿಕದ ಕಂಪನಿಗಳು ಇವತ್ತಿಗೂ ಅದಕ್ಕೆ ಮದ್ದನ್ನು ಮೆತ್ತಗೆ ತುಂಬುತ್ತವೆ. ಎಲ್ಲೋ ಯಾರದೋ ಮನೆಯಲ್ಲಿ ನೂರು ವರ್ಷದ ರೈಫಲ್ ಇದ್ದರೆ ಅದು ಒಡೆಯಬಾರದು ಅಂತ. ಕಾಗದದ ಮೇಲೆ ಹೊಸದರ ಜೊತೆ ಇಟ್ಟು ನೋಡಿದಾಗ ಅದು ಸಪ್ಪೆ ಕಾಣುವುದಕ್ಕೆ ಇದೂ ಒಂದು ಕಾರಣ.

ಇನ್ನು ಬೇಟೆ. ಎರಡು ಕಾಡುಹಂದಿ, ಒಂದು ಜಿಂಕೆ. ಮೂರು ಪ್ರಾಣಿಯಿಂದ ತೀರ್ಪು ಕೊಡಲು ಆಗುವುದಿಲ್ಲ, ಅದು ಗೊತ್ತು. ಕಂಡದ್ದನ್ನು ಹೇಳುತ್ತೇನೆ. ಟೆಕ್ಸಾಸ್‌ನಲ್ಲಿ ಕಾಡುಹಂದಿ ರೈತರಿಗೆ ದೊಡ್ಡ ಪೀಡೆ, ಒಂದೇ ರಾತ್ರಿಯಲ್ಲಿ ಹೊಲ ಉತ್ತುಹಾಕುತ್ತವೆ. ಮೊದಲನೆಯದನ್ನು ಥರ್ಟಿ ಆಟ್ ಸಿಕ್ಸ್‌ನಲ್ಲಿ 90 ಗಜದಿಂದ ಹೊಡೆದೆ, ಹಳೆಯ ಮೊಂಡು ಗುಂಡು. ಇಪ್ಪತ್ತು ಹೆಜ್ಜೆಯೊಳಗೆ ಬಿತ್ತು. ಗುಂಡು ಆಚೆ ಬದಿಯಿಂದ ಹೊರಗೆ ಹೋಗಿತ್ತು. ಎರಡನೆಯದನ್ನು ಕ್ರೀಡ್‌ಮೂರ್‌ನಲ್ಲಿ 110 ಗಜದಿಂದ. ಗುರಿ ಸರಿಯಾಗಿಯೇ ಬಿದ್ದಿತ್ತು, ಆದರೂ ಪೊದೆಯೊಳಗೆ ನುಗ್ಗಿತು. ರಕ್ತದ ಗುರುತು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಟಾರ್ಚ್ ಹಿಡಿದು ಮುಕ್ಕಾಲು ಗಂಟೆ ಹುಡುಕಿದೆವು. ಆ ಮುಕ್ಕಾಲು ಗಂಟೆ ನನಗೆ ಬಹಳ ಕಷ್ಟ ಆಯಿತು. ಗಾಯಗೊಂಡ ಪ್ರಾಣಿಯನ್ನು ಬಿಟ್ಟು ಬರುವುದಕ್ಕಿಂತ ಕೆಟ್ಟದ್ದು ಬೇಟೆಯಲ್ಲಿ ಇಲ್ಲ. ಕೊನೆಗೆ ಅರವತ್ತು ಹೆಜ್ಜೆ ದೂರದಲ್ಲಿ ಸತ್ತು ಬಿದ್ದಿತ್ತು. ಕೊಯ್ದು ನೋಡಿದರೆ ಗುಂಡು ಭುಜದ ದಪ್ಪ ಪದರದಲ್ಲೇ ಒಡೆದು ಚೂರಾಗಿತ್ತು, ಹೊರಗೆ ಬಂದಿರಲಿಲ್ಲ.

ಇದನ್ನು ಕ್ರೀಡ್‌ಮೂರ್‌ನ ತಪ್ಪು ಅಂತ ಬರೆದುಬಿಡುವುದು ಸುಲಭ. ನಾನು ಹಾಗೆ ಮಾಡುವುದಿಲ್ಲ. ದೂರಕ್ಕೆ ಅಂತ ಮಾಡಿದ ಮೆದು ಗುಂಡನ್ನು ಹತ್ತಿರದಿಂದ, ದಪ್ಪ ಭುಜದ ಪ್ರಾಣಿಗೆ ಹೊಡೆದದ್ದು ನಾನು. ಹಾಗೆ ಚೂರಾಗದ, ಪೂರ್ತಿ ತಾಮ್ರದ ಗುಂಡು ಹಾಕಬೇಕಿತ್ತು. ವಾರದ ನಂತರ ಹಾಗೇ ಮಾಡಿದೆ. ಕ್ರೀಡ್‌ಮೂರ್‌ನಲ್ಲೇ 120 ಗ್ರೇನ್ ತಾಮ್ರದ ಗುಂಡು, 130 ಗಜದಲ್ಲಿ ಜಿಂಕೆ. ಪಕ್ಕೆಲುಬಿನ ಮೂಲಕ ಹೋಗಿ ಆಚೆ ಹೊರಟಿತು. ಜಿಂಕೆ ನಿಂತಲ್ಲೇ ಕುಸಿಯಿತು. ಮೂರು ವಾರದಲ್ಲಿ ನಾವು ಹೊಡೆಯಬಹುದು ಅನ್ನುವ ಹಾಗೆ ಕಂಡ ಪ್ರಾಣಿಗಳೆಲ್ಲ 150 ಗಜದೊಳಗೇ ಇದ್ದವು. ಆ ದೂರದಲ್ಲಿ ಗಾಳಿಯ ಲಾಭ ಎಷ್ಟು? ಒಂದು ಇಂಚೂ ಇಲ್ಲ. ಜಿಂಕೆಯ ಎದೆಯಲ್ಲಿ ಗುರಿ ಇಡುವ ಜಾಗವೇ ಎಂಟು ಇಂಚು ಅಗಲ ಇರುತ್ತದೆ.

7 ಎಂಎಂ ಪಿಆರ್‌ಸಿ ಬಗ್ಗೆ ಹೆಚ್ಚು ಹೇಳಲಾರೆ. 175 ಗ್ರೇನ್ ಗುಂಡು, 3,000 ಅಡಿ ವೇಗ. 500 ಗಜದಲ್ಲಿ ಅದರ ಕೆಲಸ ನೋಡಲು ಚೆಂದ. ಆದರೆ ಒಂಬತ್ತು ಗುಂಡಿನ ನಂತರ ನಾನು ಕಣ್ಣು ಮುಚ್ಚಿ ಟ್ರಿಗರ್ ಎಳೆಯುತ್ತಿದ್ದೆ. ಅಣ್ಣ ಗಮನಿಸಿ ರೈಫಲ್ ತೆಗೆದುಕೊಂಡ. .308 ಎಲ್ಲದರಲ್ಲೂ ನಡುವಿನದು, ಯಾವುದೇ ಅಂಗಡಿಯಲ್ಲಿ ತೋಟೆ ಸಿಗುತ್ತದೆ.

ಒದೆತದ ವಿಷಯದಲ್ಲಿ ಮಾತ್ರ ಕ್ರೀಡ್‌ಮೂರ್ ನಿಜವಾಗಿ ಗೆದ್ದಿತು. 8 ಪೌಂಡ್ ತೂಕದ ರೈಫಲಿನಲ್ಲಿ ಅದರ ಒದೆತ ಸುಮಾರು 12 ಅಡಿ-ಪೌಂಡ್, ಥರ್ಟಿ ಆಟ್ ಸಿಕ್ಸ್‌ನದು ಸುಮಾರು 20. ಲೆಕ್ಕ ಬಿಡಿ, ಭುಜಕ್ಕೇ ಗೊತ್ತಾಗುತ್ತದೆ. ನಾನು 100 ಗಜದಲ್ಲಿ ಮೂರು ಗುಂಡನ್ನು ಒಂದು ಇಂಚಿನೊಳಗೆ ಹಾಕಿದ್ದು ಅದರಲ್ಲೇ. ಥರ್ಟಿ ಆಟ್ ಸಿಕ್ಸ್‌ನಲ್ಲಿ ಬೆಳಿಗ್ಗೆ ಒಂದೂವರೆ ಇಂಚು, ಮಧ್ಯಾಹ್ನ ಭುಜ ನೊಂದ ಮೇಲೆ ಎರಡೂವರೆ. ರೈಫಲ್ ಬದಲಾಗಿರಲಿಲ್ಲ, ಬದಲಾದದ್ದು ನಾನು. ಹೆದರಿ ಹೊಡೆದ ದೊಡ್ಡ ಗುಂಡಿಗಿಂತ ನೆಮ್ಮದಿಯಿಂದ ಹೊಡೆದ ಚಿಕ್ಕ ಗುಂಡು ಪ್ರಾಣಿಗೂ ದಯೆ. ಹೊಸಬರಿಗೆ, ಹಗುರ ಮೈಯವರಿಗೆ, ವರ್ಷಕ್ಕೆ ನಾಲ್ಕು ದಿನ ಹೊಡೆಯುವವರಿಗೆ ನಾನು ಬೇರೆ ಮಾತಿಲ್ಲದೆ ಕ್ರೀಡ್‌ಮೂರ್ ಹೇಳುತ್ತೇನೆ. ಈಗಾಗಲೇ .270 ಅಥವಾ ಥರ್ಟಿ ಆಟ್ ಸಿಕ್ಸ್ ಇಟ್ಟುಕೊಂಡು, ಅದು ಕೈಗೆ ಒಗ್ಗಿರುವವರು ಹೊಸ ರೈಫಲಿಗೆ ಹಣ ಹಾಕುವುದು ಬೇಡ. ಒಳ್ಳೆಯ ಗುಂಡಿನ ಎರಡು ಪೆಟ್ಟಿಗೆ ಸಾಕು, ಉಳಿದ ಹಣದಲ್ಲಿ ಅಭ್ಯಾಸ ಮಾಡಲಿ.

ವಾಪಸ್ ಬಂದ ಮೇಲೆ ಸುಬೇದಾರರಿಗೂ ಹುಡುಗನಿಗೂ ಇದನ್ನೇ ಹೇಳಿದೆ. ಹುಡುಗ .315 ಬಗ್ಗೆ ಕೇಳಿದ. ಅದನ್ನು ಈ ಸಾಲಿಗೆ ಸೇರಿಸುವುದು ನ್ಯಾಯ ಅಲ್ಲ. ಬ್ರಿಟಿಷರು ಸೈನ್ಯದ .303 ಜನರ ಕೈಗೆ ಹೋಗಬಾರದು ಅಂತ ಆಸ್ಟ್ರಿಯಾದ ಹಳೆಯ 8 ಎಂಎಂ ಮ್ಯಾನ್‌ಲಿಖರ್ ತೋಟೆಯನ್ನು ಆರಿಸಿದರು. ಇಶಾಪುರದ ಕಾರ್ಖಾನೆ ರೈಫಲ್ ಮಾಡಿತು. ತೋಟೆಗಳು ಬಂದದ್ದು ನಮ್ಮ ಪುಣೆಯ ಖಡ್ಕಿಯಿಂದ. ಮಾವನ ಮನೆಯ ಖಾಲಿ ತೋಟೆಗಳ ಬುಡದಲ್ಲಿ ಕೆ ಎಫ್ ಅಂತ ಅಚ್ಚು ಇದೆ, ಕಿರ್ಕಿ ಫ್ಯಾಕ್ಟರಿ. ಕಿರ್ಕಿ ಖಡ್ಕಿಯ ಹಳೆಯ ಹೆಸರು. ಸುಬೇದಾರರು ಒಂದನ್ನು ಬೆರಳಲ್ಲಿ ತಿರುಗಿಸಿ ನೋಡಿ ಜೇಬಿಗೆ ಹಾಕಿಕೊಂಡರು. ಭಾರವಾದ ಗುಂಡು, ನಿಧಾನದ ಓಟ. ಕಾಫಿ ತೋಟದ ಅಂಚಿನ 60 ಗಜಕ್ಕೆ ಮಾಡಿದ್ದು. ಅಲ್ಲಿ ಅದು ಇನ್ನೂ ಸರಿಯಾಗಿಯೇ ಇದೆ.

ಮಗಳು ಈ ಸಲ ಅಣ್ಣನ ಮನೆಗೆ ಹೊರಟಿದ್ದಾಳೆ. ಬಾಲೇವಾಡಿಯಲ್ಲಿ ನನಗಿಂತ ಚೆನ್ನಾಗಿ ಹೊಡೆಯುತ್ತಾಳೆ. ಮೊದಲು ಲೈಸೆನ್ಸ್ ಮಾಡಿಸು, ಆಮೇಲೆ ಅವಳಿಗೆ ಕ್ರೀಡ್‌ಮೂರ್ ಕೊಡು, ಗುಂಡು ತಾಮ್ರದ್ದೇ ಇರಲಿ ಅಂತ ಅಣ್ಣನಿಗೆ ಫೋನ್ ಮಾಡಿ ಹೇಳಿದ್ದೇನೆ. ಥರ್ಟಿ ಆಟ್ ಸಿಕ್ಸ್‌ಗೆ ಎಣ್ಣೆ ಹಾಕಿ ಇಡಲು ಆ ಗೆಳೆಯರಿಗೆ ತಿಳಿಸು ಅಂತಲೂ ಹೇಳಿದೆ. ಮುಂದಿನ ಚಳಿಗಾಲಕ್ಕೆ ನಾನು ಹೋಗುತ್ತೇನೆ.