ಸಾರ್ ಸಾಕಾ, ಪಿಎಂಲಾಗ್‌ಸಮರಿ ಬೇಕಾ?

ಮುಧೋಳ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಲಿನಕ್ಸ್ ಸರ್ವರ್ ನೋಡಿಕೊಳ್ಳುತ್ತೀರಿ ಎಂದುಕೊಳ್ಳಿ. ಕಬ್ಬಿನ ಹಂಗಾಮಿನಲ್ಲಿ ತೂಕದ ಚೀಟಿ ತಡವಾಗುತ್ತಿದೆ. ನಿನ್ನೆಯ ಲಾಗ್ (ಸರ್ವರ್ ಎಷ್ಟು ದುಡಿಯಿತು ಎಂಬ ದಾಖಲೆ) ನೋಡಬೇಕು, ಅಲ್ವಾ? ಅದಕ್ಕೆ ಎರಡು ಕಮಾಂಡ್‌ಗಳಿವೆ: ಸಾರ್ (sar), ಪಿಎಂಲಾಗ್‌ಸಮರಿ (pmlogsummary).

ಸಿಪಿಯು, ಮೆಮೊರಿ, ಡಿಸ್ಕ್ ಇಷ್ಟೇ ಸಾಕೆಂದರೆ ಸಾರ್. ಸಾಮಾನ್ಯವಾಗಿ 10 ನಿಮಿಷಕ್ಕೊಂದು ಸಾಲು, ಕೊನೆಗೆ ಸರಾಸರಿ. ಒಂದೇ ಸರ್ವರ್ ಇದ್ದರೆ ನನ್ನ ವೋಟು ಇದಕ್ಕೇ.

ಪಿಎಂಲಾಗ್‌ಸಮರಿ ಪರ್ಫಾರ್ಮೆನ್ಸ್ ಕೋ-ಪೈಲಟ್ ಎಂಬ ಸರ್ವರ್ ಅಳೆಯುವ ಸಾಫ್ಟ್‌ವೇರ್‌ನ ಭಾಗ. ಸಾಲು ಸಾಲು ತೋರಿಸುವುದಿಲ್ಲ, ಪ್ರತಿ ಅಳತೆಗೂ ನೇರವಾಗಿ ಸರಾಸರಿ ಕೊಡುತ್ತದೆ. ಏರುತ್ತಲೇ ಹೋಗುವ ಕೌಂಟರ್‌ಗಳನ್ನು (ಒಟ್ಟು ಎಣಿಕೆಗಳನ್ನು) ತಾನೇ ಇಷ್ಟು ಹೊತ್ತಿಗೆ ಇಷ್ಟು ಎಂಬ ದರಕ್ಕೆ ಬದಲಿಸುತ್ತದೆ. ಕನಿಷ್ಠ, ಗರಿಷ್ಠ ಕೇಳಿದರೆ ಮಾತ್ರ. ಡೇಟಾಬೇಸ್ ಅಳತೆಗಳೂ ಸಿಗುತ್ತವೆ. ಆದರೆ ಲಾಗರ್‌ನಲ್ಲಿ (ಲಾಗ್ ಬರೆಯುವ ಪ್ರೋಗ್ರಾಂನಲ್ಲಿ) ಅವನ್ನು ಮೊದಲೇ ಸೇರಿಸಿರಬೇಕು.

ಯಾವುದೇ ಆರಿಸಿ, ಇಡೀ ದಿನದ ಸರಾಸರಿ ಸುಮ್ನೆ ನಂಬಬೇಡಿ. ರಾತ್ರಿಯ ಖಾಲಿ ಹೊತ್ತು ಅದನ್ನು ಕೆಳಗೆಳೆಯುತ್ತದೆ. ಟ್ರ್ಯಾಕ್ಟರ್‌ಗಳು ಸಾಲುಗಟ್ಟಿದ ತಾಸುಗಳನ್ನಷ್ಟೇ ಆರಿಸಿ ಕೇಳಿ. ಎರಡಕ್ಕೂ ಶುರು, ಕೊನೆಯ ಸಮಯ ಕೊಡಬಹುದು.